ರಸ್ತೆ ಇಲ್ಲದ ಕಾಡಿಗೆ ಬೆಲೆ ಯಾಕೆ? ಗುಡೇಕೋಟೆ ಕರಡಿಧಾಮ ಮುಂದಿಟ್ಟುಕೊಂಡು ಒಂದು ಲೆಕ್ಕ

ಕೂಡ್ಲಿಗಿ: ನಮ್ಮ ಕಡೆ ರಸ್ತೆ ಇಲ್ಲ ಅಂದ್ರೆ ಅದು ದೂರು. ಗ್ರಾಮಸಭೆಯಲ್ಲಿ ಮೊದಲು ಏಳೋ ಮಾತೇ ಅದು. ಆದರೆ ಕಾಡಿನ ವಿಷಯಕ್ಕೆ ಬಂದರೆ ರಸ್ತೆ ಇಲ್ಲದಿರುವುದನ್ನೇ ಒಂದು ಆಸ್ತಿ ಅಂತ ಎಣಿಸುವ ಕ್ರಮ ಇದೆ. ಒಂದು ಪ್ರದೇಶ ಇನ್ನೂ ನಿಜವಾಗಿ ಕಾಡಾಗಿ ಉಳಿದಿದೆಯಾ ಅಂತ ಅಳೆಯಲು ಪ್ರಪಂಚದ ಹಲವು ಕಡೆ ಇದೇ ಮೊದಲ ಅಳತೆಗೋಲು.

ಅಮೆರಿಕದಲ್ಲಿ 1964ರಲ್ಲೇ ಇದಕ್ಕೆ ಕಾನೂನು ಬಂತು. ಅದರ ಪ್ರಕಾರ ವನ್ಯಪ್ರದೇಶ ಅಂತ ಘೋಷಿಸಿದ ಜಾಗದಲ್ಲಿ ಕಾಯಂ ರಸ್ತೆ ಮಾಡಂಗಿಲ್ಲ. ಜಾಗ ಸಾಮಾನ್ಯವಾಗಿ 5,000 ಎಕರೆ, ಅಂದರೆ ಸುಮಾರು 20 ಚದರ ಕಿ.ಮೀ. ಇರಬೇಕು. 2001ರಲ್ಲಿ ಇನ್ನೊಂದು ನಿಯಮ ತಂದು 5.85 ಕೋಟಿ ಎಕರೆ ಸರ್ಕಾರಿ ಕಾಡಿನಲ್ಲಿ ಹೊಸ ರಸ್ತೆಗೆ ತಡೆ ಹಾಕಿದರು. ನಮ್ಮ ದೇಶದ ಕಾನೂನಿನಲ್ಲಿ 'ರಸ್ತೆರಹಿತ ಪ್ರದೇಶ' ಅನ್ನೋ ವರ್ಗವೇ ಇಲ್ಲ. ಅಭಯಾರಣ್ಯ, ಮೀಸಲು ಅರಣ್ಯ ಅಂತಷ್ಟೇ ಇದೆ.

2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ರಸ್ತೆಯ ಎರಡೂ ಕಡೆ 1 ಕಿ.ಮೀ. ಬಿಟ್ಟು ಉಳಿದ ನೆಲವನ್ನು ರಸ್ತೆರಹಿತ ಅಂತ ಲೆಕ್ಕ ಹಾಕಿತು. ಭೂಮಿಯ ಶೇ 80ರಷ್ಟು ನೆಲ ಹಾಗೆ ಉಳಿದಿದೆ ಅಂತ ಬಂತು. ಕೇಳೋಕೆ ಚೆನ್ನಾಗಿದೆ. ಆದರೆ ಅದು ಸುಮಾರು 6 ಲಕ್ಷ ತುಂಡಾಗಿದೆ, ಅರ್ಧಕ್ಕಿಂತ ಹೆಚ್ಚು ತುಂಡುಗಳು 1 ಚದರ ಕಿ.ಮೀ. ಕೂಡ ಇಲ್ಲ. 100 ಚದರ ಕಿ.ಮೀ. ದಾಟಿದವು ಶೇ 7 ಮಾತ್ರ.

ಈಗ ಇದನ್ನ ನಮ್ಮೂರಿಗೆ ಹಚ್ಚಿ ನೋಡೋಣ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ 2013ರಲ್ಲಿ ಘೋಷಣೆ ಆದಾಗ ಇದ್ದದ್ದು ಸುಮಾರು 38 ಚದರ ಕಿ.ಮೀ. ಅದರ ಮಧ್ಯೆ 10 ಕಿ.ಮೀ. ರಸ್ತೆ ಒಂದೇ ಒಂದು ಹೋದರೂ, ಎಡಕ್ಕೆ ಒಂದು ಕಿ.ಮೀ., ಬಲಕ್ಕೆ ಒಂದು ಕಿ.ಮೀ. ಸೇರಿ 20 ಚದರ ಕಿ.ಮೀ. ಲೆಕ್ಕದಿಂದ ಹೊರಗೆ. ಅರ್ಧಕ್ಕಿಂತ ಹೆಚ್ಚು! ಡಾಂಬರು ಬಿದ್ದ ನೆಲ ಮಾತ್ರ ನೋಡಿದರೆ ಹತ್ತಿಪ್ಪತ್ತು ಎಕರೆ ಅಷ್ಟೇ, ಹಾಗಾಗಿ ಕಾಗದದ ಮೇಲೆ ನಷ್ಟ ಯಾವಾಗಲೂ ಸಣ್ಣದಾಗಿಯೇ ಕಾಣುತ್ತದೆ. ಧಾಮವನ್ನು ಆಮೇಲೆ ವಿಸ್ತರಿಸಿದ್ದು ಇದೇ ಕಾರಣಕ್ಕೆ ದೊಡ್ಡ ವಿಷಯ.

ಕರಡಿಗೆ ಇದು ಯಾಕೆ ಮುಖ್ಯ? ಬಂಡೆಗಳ ಸಂದಿ, ಗವಿ ಅದರ ಮನೆ. ಹಗಲು ಅಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಹುತ್ತದ ಗೆದ್ದಲು, ಇರುವೆ, ಜೇನು, ಬಾರೆಹಣ್ಣು ಹುಡುಕಿ ಹೊರಡುತ್ತದೆ. ತಾಯಿ ಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಕಪ್ಪು ಮೈ, ರಾತ್ರಿ ಓಡಾಟ, ನಿಧಾನ ನಡಿಗೆ. ವಾಹನಕ್ಕೆ ಸಿಕ್ಕಿದರೆ ಒಂದಲ್ಲ, ಬೆನ್ನ ಮೇಲಿನ ಮರಿಗಳೂ ಹೋಗುತ್ತವೆ. ಗವಿ ಹತ್ತಿರ ಗದ್ದಲ ಹೆಚ್ಚಾದರೆ ಹೊಲದ ಕಡೆ ಬರುತ್ತದೆ, ಆಮೇಲೆ ಶೇಂಗಾ ಹೊಲಕ್ಕೆ ಹೋದ ರೈತರ ಮೇಲೆ ಬೀಳುತ್ತದೆ. ಅಂದ್ರೆ ಇದು ಬರೀ ಪ್ರಾಣಿಪ್ರೀತಿ ಮಾತಲ್ಲ.

ಇನ್ನೊಂದು ವಿಷಯ, ರಸ್ತೆ ಒಂಟಿಯಾಗಿ ಬರಲ್ಲ. ಮೊದಲು ಮಣ್ಣಿನ ದಾರಿ, ಆಮೇಲೆ ಕಲ್ಲು ಒಡೆಯೋರು, ಟ್ರ್ಯಾಕ್ಟರ್, ಒತ್ತುವರಿ. ಅಮೆಜಾನ್‌ನಲ್ಲಿ ನಾಶವಾದ ಕಾಡಿನ ಶೇ 95ರಷ್ಟು ರಸ್ತೆಯಿಂದ 5.5 ಕಿ.ಮೀ. ಇಲ್ಲವೇ ದೋಣಿ ಓಡುವ ನದಿಯಿಂದ 1 ಕಿ.ಮೀ. ಒಳಗೇ ಇದೆ ಅಂತ 2014ರ ಅಧ್ಯಯನ ಹೇಳಿತ್ತು. ಅಷ್ಟು ದೂರ ಯಾಕೆ, ಪಕ್ಕದ ಸಂಡೂರಿನಲ್ಲಿ ಗಣಿ ಲಾರಿ ರಸ್ತೆಗಳು ಬೆಟ್ಟಗಳನ್ನು ಏನು ಮಾಡಿದವು ಅಂತ ನಾವೇ ನೋಡಿದ್ದೀವಿ. ಹರಪನಹಳ್ಳಿ, ಹಡಗಲಿ ಕಡೆ ಗಾಳಿಯಂತ್ರಗಳದ್ದೂ ಸ್ವಲ್ಪ ಇದೇ ಕಥೆ. ಕಂಬ ನಿಲ್ಲೋ ಜಾಗ ಕಡಿಮೆ, ಆದರೆ ಆ ಉದ್ದದ ರೆಕ್ಕೆ ತಿರುವಿನಲ್ಲಿ ತಿರುಗಬೇಕಂದ್ರೆ ಬೆಟ್ಟದ ನೆತ್ತಿವರೆಗೂ ಅಗಲವಾದ ದಾರಿ ಕೊರೆಯಬೇಕು.

ಹಾಗಂತ ಊರಿಗೆ ರಸ್ತೆ ಬೇಡ ಅನ್ನೋಕಾಗುತ್ತಾ? ರಾತ್ರಿ ಹೆರಿಗೆ ನೋವು ಬಂದವರಿಗೆ ಕರಡಿ ಲೆಕ್ಕ ಹೇಳೋಕಾಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ದಾರಿ ಕೊಟ್ಟಿದೆ: ಗ್ರಾಮಸಭೆ ಶಿಫಾರಸು ಮಾಡಿದರೆ, ಪ್ರತಿ ಕಾಮಗಾರಿಗೆ 1 ಹೆಕ್ಟೇರ್‌ಗಿಂತ ಕಡಿಮೆ ಜಾಗ, ಹೆಕ್ಟೇರ್‌ಗೆ 75 ಮರ ಮೀರದಂತೆ ರಸ್ತೆ, ಶಾಲೆ, ಕುಡಿಯುವ ನೀರಿಗೆ ಅರಣ್ಯ ಜಮೀನು ಕೊಡಬಹುದು. ಇನ್ನು ಇರುವ ರಸ್ತೆ ಮುಚ್ಚಲೇಬೇಕು ಅಂತಿಲ್ಲ. ಬಂಡೀಪುರದ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಆಂಬುಲೆನ್ಸ್‌ಗೆ ತಡೆ ಇಲ್ಲ. ಕರಡಿಯೂ ರಾತ್ರಿ ಪ್ರಾಣಿಯೇ, ಧಾಮದ ಒಳಗಿನ ಸಣ್ಣ ರಸ್ತೆಗಳಿಗೆ ಇಂಥದ್ದು ಯೋಚಿಸಬಹುದು ಅನ್ನೋದು ನನ್ನ ಅನಿಸಿಕೆ.

ಅಭಯಾರಣ್ಯದೊಳಗೆ ದೊಡ್ಡ ರಸ್ತೆ ಪ್ರಸ್ತಾವ ಬಂದರೆ ಅದು ರಾಜ್ಯ ವನ್ಯಜೀವಿ ಮಂಡಳಿ, ಆಮೇಲೆ ರಾಷ್ಟ್ರೀಯ ವನ್ಯಜೀವಿ ಮಂಡಳಿ ಮುಂದೆ ಹೋಗಬೇಕು. ಗಡಿಯಿಂದ ಆಚೆ, ಕಂದಾಯ ಇಲಾಖೆ ಹೆಸರಲ್ಲಿರುವ ಕಲ್ಲುಗುಡ್ಡಗಳಿಗೆ ಆ ಜರಡಿ ಇಲ್ಲ. ಕರಡಿಗಳು ಅಲ್ಲೂ ಇವೆ.