ತನ್ನ ರಕ್ತ ತನಗೇ: ಥಾಣೆ–ಕಲ್ಯಾಣದ ಹಳಿಗುಂಟ ಒಂದು ಚಿಕಿತ್ಸೆಯ ಚರಿತ್ರೆ

ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟು ಬಂದು ನಿಂತದ್ದು ಥಾಣೆಯಲ್ಲಿ. ಮುಂದೆ ಆ ಹಳಿಗುಂಟ ಕಲ್ಯಾಣ, ಡೊಂಬಿವಲಿ ಬೆಳೆದವು. ಹಳಿಗೆ ಬಿದ್ದವರ ಲೆಕ್ಕವೂ ಬೆಳೆಯಿತು. ಆಪರೇಷನ್ನಿನಲ್ಲಿ ಸೋರಿದ ರಕ್ತವನ್ನು ಹಿಡಿದು ಅದೇ ರೋಗಿಗೆ ಮರಳಿಸುವ ವಿದ್ಯೆಯ ಚರಿತ್ರೆಯಲ್ಲೂ ರೈಲು ಬರುತ್ತದೆ. ರೈಲು ಅಪಘಾತದಲ್ಲಿ ಕಾಲು ಜಜ್ಜಿಹೋದವನ ರಕ್ತಕ್ಕೆ ಸೋಡಿಯಂ ಫಾಸ್ಫೇಟ್ ಬೆರೆಸಿ, ಹೆಪ್ಪುಗಟ್ಟದಂತೆ ನೋಡಿಕೊಂಡು ಮರಳಿ ಏರಿಸಿದ ಎಡಿನ್‌ಬರೊದ ಜಾನ್ ಡಂಕನ್ ತನ್ನ ವರದಿ ಪ್ರಕಟಿಸಿದ್ದು 1886ರಲ್ಲಿ. ರಕ್ತದ ಗುಂಪುಗಳೇ ಇನ್ನೂ ಗೊತ್ತಿರದ ಕಾಲ ಅದು.

1914ರಲ್ಲಿ ಜರ್ಮನಿಯ ಥೀಸ್, ಗರ್ಭನಾಳ ಒಡೆದ ಹೆಂಗಸರ ಹೊಟ್ಟೆಯಲ್ಲಿ ತುಂಬಿದ ರಕ್ತವನ್ನು ಅವರಿಗೇ ಕೊಟ್ಟ. ಯಂತ್ರವಿಲ್ಲದ ಕಡೆ ಇಂದಿಗೂ ಇದೇ ದಾರಿ: ಬಟ್ಟಲಿನಿಂದ ಮೊಗೆದು, ಮಡಿಸಿದ ಗಾಜ್ ಬಟ್ಟೆಯಲ್ಲಿ ಸೋಸಿ, ಸಿಟ್ರೇಟ್ ಇರುವ ಬಾಟಲಿಗೆ ಸುರಿಯುವುದು. ಸೋಸಿದರೆ ಗರಣೆ ಹೋದೀತು. ಒಡೆದ ಕೆಂಪುಕಣಗಳ ಹಿಮೋಗ್ಲೋಬಿನ್ ಹೋಗದು. ಅದು ಹೆಚ್ಚಾದರೆ ಏಟು ಮೂತ್ರಪಿಂಡಕ್ಕೆ.

ವಿಯೆಟ್ನಾಂ ಯುದ್ಧದ ಕಾಲದ ಸರ್ಜನ್ ಕ್ಲೆಬನಾಫ್ 1970ರಲ್ಲಿ ಪಂಪಿನ ಯಂತ್ರ ತಂದ. ಸಂಗ್ರಹದ ಪಾತ್ರೆ ಬರಿದಾದರೂ ಪಂಪು ತಿರುಗುತ್ತಲೇ ಇದ್ದರೆ ನಾಳಕ್ಕೆ ಗಾಳಿ ನುಗ್ಗುತ್ತಿತ್ತು, ಜೀವಗಳೂ ಹೋದವು. ಮರಳಿಸುವ ಚೀಲಕ್ಕೆ ಒತ್ತಡದ ಪಟ್ಟಿ ಕಟ್ಟಬಾರದೆಂಬ ಇಂದಿನ ಕಟ್ಟಪ್ಪಣೆಯ ಹಿಂದಿರುವುದೂ ಅದೇ ಗಾಳಿಯ ಭಯ. ಆಮೇಲೆ ಬಂದ ಸೆಲ್ ಸೇವರ್ ಯಂತ್ರದಲ್ಲಿ ಲೇತಮ್ ಎಂಬ ಬಟ್ಟಲು ಗಿರ್ರನೆ ತಿರುಗಿ, ಸಲೈನಿನಲ್ಲಿ ತೊಳೆದ ಕೆಂಪುಕಣಗಳನ್ನಷ್ಟೇ ಉಳಿಸುತ್ತದೆ. ಹೆಪ್ಪುಗಟ್ಟಿಸುವ ಅಂಶಗಳೂ ಪ್ಲೇಟ್‌ಲೆಟ್‌ಗಳೂ ತೊಳೆದ ನೀರಿನೊಂದಿಗೆ ಹೋಗುವುದರಿಂದ, ಬಹಳ ರಕ್ತ ಮರಳಿಸಿದಾಗ ಅವನ್ನು ಬೇರೆಯಾಗಿ ಕೊಡಬೇಕಾಗಬಹುದು. ಸಕ್ಷನ್ ಜೋರಾದರೆ ಕಣಗಳು ಒಡೆಯುತ್ತವೆ. ಗಾಯ ತೊಳೆದ ಅಯೋಡಿನ್, ಹೈಡ್ರೋಜನ್ ಪೆರಾಕ್ಸೈಡ್ ಇದ್ದಲ್ಲಿ ಬೇರೆ ಸಕ್ಷನ್ ಹಿಡಿಯಬೇಕು. ಚೀಲದ ಮೇಲೆ ರೋಗಿಯ ಹೆಸರು ಬರೆದು 4 ಗಂಟೆಯೊಳಗೆ ಏರಿಸಿ ಮುಗಿಸಬೇಕು.

ಡಂಕನ್ ಕೈಹಾಕಿದ ರೈಲು ಗಾಯವೇ ಇಂದು ಅನುಮಾನಕ್ಕೆ ಎಡೆಮಾಡುತ್ತದೆ. ಅಂಥ ಗಾಯದಲ್ಲಿ ಗುಲ್ಮವಷ್ಟೇ ಒಡೆದು ಹೊಟ್ಟೆಗಿಳಿದ ರಕ್ತ ಬಳಸಬಹುದು. ಜೊತೆಗೆ ಕರುಳೂ ಹರಿದು ಮಲ ಬೆರೆತಿದ್ದರೆ ಯಂತ್ರ ತೊಳೆದರೂ ರೋಗಾಣು ಪೂರ್ತಿ ಹೋಗವು. ಕ್ಯಾನ್ಸರ್ ಗೆಡ್ಡೆಯ ಸುತ್ತಲ ರಕ್ತಕ್ಕೂ ಇದೇ ಎಚ್ಚರ. ಬಿಳಿಕಣ ತಡೆಯುವ ಸೋಸುಕ ಹಾಕಿ ಕೊಡುವವರೂ ಇದ್ದಾರೆ. ಕೊನೆಯ ಮಾತು ಸರ್ಜನ್ನನ ಕಣ್ಣಿನದು, ಯಂತ್ರದ್ದಲ್ಲ.

ಥಾಣೆ–ಕಲ್ಯಾಣದ ಈ ಸೀಮೆಗೆ ಎರಡು ವಿಶೇಷಗಳಿವೆ. ಮುಂಬಯಿಯಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು 1952ರಲ್ಲಿ ಗುರುತಿಸಿದ ಬಾಂಬೆ ರಕ್ತಗುಂಪಿನವರಿಗೆ ಓ ಗುಂಪಿನ ರಕ್ತವೂ ಒಗ್ಗದು. ಮಾಮೂಲಿ ಪರೀಕ್ಷೆಯಲ್ಲಿ ಅವರು ಓ ಎಂದೇ ಕಾಣಿಸುತ್ತಾರೆ. ಅಂಥವರಿಗೆ ತಮ್ಮದೇ ರಕ್ತಕ್ಕಿಂತ ಹತ್ತಿರದ ದಾನಿಯಿಲ್ಲ. ಇದಕ್ಕೆ ತಿರುಗುಮುರುಗು ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ. ಥಾಣೆ, ಪಾಲ್ಘರ್ ಕಡೆಯ ಆದಿವಾಸಿಗಳಲ್ಲಿ ಅದು ಕಂಡುಬರುತ್ತದೆ. ಅದಿರುವವರ ಕೆಂಪುಕಣಗಳು ಯಂತ್ರದಲ್ಲಿ ಕುಡುಗೋಲಿನಂತೆ ಬಾಗಿ ನಾಳ ಕಟ್ಟಬಲ್ಲವು. ಮನೆಯಲ್ಲಿ ಯಾರಿಗಾದರೂ ಈ ಎರಡರಲ್ಲೊಂದು ಇದೆಯೆಂದು ಗೊತ್ತಿದ್ದರೆ, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲೇ ಅರಿವಳಿಕೆ ಡಾಕ್ಟರರಿಗೆ ಹೇಳಿಬಿಡಿ.