ತಾರಾಲೋಕದ ತಪ್ಪೆಣಿಕೆ

ಗಂಗೊಳ್ಳಿಯ ಬಂದರಿನಲ್ಲಿ ಮೀನಿನ ರಾಶಿಯೊಂದನ್ನು ನೋಡಿ, ಸೇರಿಗಿಂತ ಹೆಚ್ಚು ತೂಗುವವು ಎಷ್ಟೆಂದು ಕಣ್ಣಳತೆಯಿಂದಲೇ ಹೇಳಬೇಕಾಗಿದೆಯೆನ್ನಿ. ಸೇರಿಗೆ ತುಸು ಕಡಿಮೆಯಾದವು 100. ತುಸು ಹೆಚ್ಚಿನವು 10. ಹತ್ತಕ್ಕೊಂದರಂತೆ ಕಣ್ಣು ತಪ್ಪಿದರೆ ಹತ್ತು ಸಣ್ಣ ಮೀನುಗಳು ದೊಡ್ಡವುಗಳ ಸಾಲಿಗೇರುವುವು, ದೊಡ್ಡವುಗಳಲ್ಲಿ ಒಂದು ಮಾತ್ರ ಕೆಳಗಿಳಿಯುವುದು. ಹತ್ತರ ಲೆಕ್ಕ ಹತ್ತೊಂಬತ್ತಾಯಿತು! ಎಣಿಸಿದವನು ಮೋಸಗಾರನಲ್ಲ, ಎರಡು ಕಡೆಗೂ ಸಮನಾಗಿಯೇ ತಪ್ಪಿದ್ದಾನೆ.

ಆಕಾಶದಲ್ಲಿಯೂ ಮಂಕಾದವು ಅಸಂಖ್ಯ, ಉಜ್ವಲವಾದವು ಕೆಲವೇ. ಈ ವಾಲಿಕೆಯನ್ನು ತಿದ್ದುವ ಸೂತ್ರವನ್ನು ಎಡಿಂಗ್‌ಟನ್ನರು 1913ರಲ್ಲಿಯೇ ಕೊಟ್ಟಿದ್ದರು. ಆದರೂ ಅಳತೆಯ ದೋಷವು ಎಣಿಕೆಯನ್ನು ಕೆಡಿಸುವುದು ನಿಲ್ಲಲಿಲ್ಲ.

ವಿಶ್ವಕ್ಕೆ ಆದಿಯಿಲ್ಲ, ಅದು ಸದಾ ಒಂದೇ ತೆರ ಎಂದು 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ವಾದಿಸಿದ್ದರು. ಅದು ನಿಜವಾದರೆ, ನಾಲ್ಕನೆಯ ಒಂದಂಶದಷ್ಟು ಮಂಕಾದ ರೇಡಿಯೋ ಮೂಲಗಳವರೆಗೆ ಎಣಿಸಿದಾಗ ಸಂಖ್ಯೆ ಎಂಟು ಪಟ್ಟಿಗಿಂತ ಹೆಚ್ಚಬಾರದು. 1955ರಲ್ಲಿ ಕೇಂಬ್ರಿಜ್ಜಿನ ಮಾರ್ಟಿನ್ ರೈಲರು 1936 ಮೂಲಗಳ ಪಟ್ಟಿಯನ್ನು ಮುಂದಿಟ್ಟರು. ಅವರ ಲೆಕ್ಕದಂತೆ ಅದು ಸುಮಾರು 64 ಪಟ್ಟು! ದೂರದಲ್ಲಿ, ಎಂದರೆ ಗತಕಾಲದಲ್ಲಿ, ಮೂಲಗಳು ದಟ್ಟವಾಗಿದ್ದುವು. ವಿಶ್ವ ಬದಲಾಗಿದೆ ಎಂದು ಅವರು ಸಾರಿದರು.

ಸಿಡ್ನಿಯ ಮಿಲ್ಸ್ ಮತ್ತು ಸ್ಲೀ ಅದೇ ಆಕಾಶದ ಒಂದು ಭಾಗವನ್ನು ಅಳೆದು 1957ರಲ್ಲಿ ಪ್ರಕಟಿಸಿದಾಗ ಎರಡು ಪಟ್ಟಿಗಳು ಒಂದಕ್ಕೊಂದು ಹೊಂದಲೇ ಇಲ್ಲ. ಮರವಂತೆಯ ದಂಡೆಯಲ್ಲಿ ರಾತ್ರಿ ನಿಂತವರಿಗೆ ದೂರದ ದೋಣಿಗಳ ಎರಡು ಮೂರು ದೀಪಗಳು ಕೂಡಿ ಒಂದೇ ದೊಡ್ಡ ದೀಪವಾಗಿ ತೋರುವುದುಂಟಷ್ಟೆ. ಕೇಂಬ್ರಿಜ್ಜಿನ ಉಪಕರಣಕ್ಕೂ ಅದೇ ಆಗಿತ್ತು. ಅದರ ನೋಟ ಅಗಲ, ಮಂಕು ಮೂಲಗಳು ಬೆರೆತು ಪ್ರಬಲವೆನಿಸಿದ್ದುವು. ಇದು ಎಡಿಂಗ್‌ಟನ್ನರ ದೋಷವೇ ಅಲ್ಲದಿದ್ದರೂ ಅದರ ದಾಯಾದಿ. ರೈಲರ ಬಳಗದವರೇ ಆದ ಶೂಯರರು ಅದೇ ವರ್ಷ, ಮೂಲಗಳನ್ನು ಬಿಡಿಬಿಡಿಯಾಗಿ ಎಣಿಸದೆ, ದಾಖಲೆಯ ಏರಿಳಿತಗಳಿಂದಲೇ ಲೆಕ್ಕ ತೆಗೆಯುವ ದಾರಿ ತೋರಿಸಿದರು. ನನಗೆ ಈ ಕಥೆಯಲ್ಲಿ ಹೆಚ್ಚು ಮೆಚ್ಚಿಕೆಯಾದವರು ಅವರೇ.

1961ರ ಹೊಸ ಎಣಿಕೆಯಲ್ಲಿ ಆ 64 ಸುಮಾರು 12ಕ್ಕೆ ಇಳಿಯಿತು. ಹಾಯ್ಲರೂ ಅವರ ಶಿಷ್ಯ, ಕೊಲ್ಹಾಪುರದಲ್ಲಿ ಹುಟ್ಟಿದ ಜಯಂತ ನಾರಳೀಕರರೂ ಅದಕ್ಕೂ ಉತ್ತರ ಹೇಳಿದರು. ಆದರೆ 12 ಎಂಟಾಗಲಿಲ್ಲ; 1965ರಲ್ಲಿ ವಿಶ್ವದ ಆದಿಯ ಬಿಸಿಯ ಶೇಷವಾದ ಸೂಕ್ಷ್ಮತರಂಗಗಳು ಪತ್ತೆಯಾದುದು ಪ್ರಕಟವಾದ ಮೇಲೆ ವಾದ ಬಹುಮಟ್ಟಿಗೆ ಮುಗಿಯಿತು. ರೈಲರ ಅಂಕಿ ತಪ್ಪು, ತೀರ್ಮಾನ ಸರಿ!

ನಮ್ಮ ಗೌರೀಬಿದನೂರಿನಲ್ಲಿಯೂ 8.7 ಮೀಟರು ಉದ್ದದ ಅಲೆಗಳನ್ನು ಹಿಡಿಯುವ ರೇಡಿಯೋ ದೂರದರ್ಶಕವನ್ನು ಕಟ್ಟಿದರು. ಅಲೆ ಉದ್ದವಾದಷ್ಟೂ ನೋಟ ಮಸಕು. ಅದಕ್ಕೆಂದೇ ಅದರ ಪೂರ್ವ-ಪಶ್ಚಿಮ ತೋಳನ್ನು ಸುಮಾರು 1.4 ಕಿಲೋಮೀಟರು ಚಾಚಬೇಕಾಯಿತು.