‘ೞ’ ಎಂಬ ಸಾಕ್ಷ್ಯ: ನಂಜನಗೂಡು–ತಿ. ನರಸೀಪುರ ಶಾಸನಪಾಠಗಳ ಅಕ್ಷರರೂಪ ಕುರಿತು ಟಿಪ್ಪಣಿ

1. ಆಕರ
ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1894ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕ’ದ 3ನೆಯ ಸಂಪುಟದಲ್ಲಿ ಒಟ್ಟಿಗೆ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಿ ನಂಜನಗೂಡು 3ನೆಯ (1974), ತಿ. ನರಸೀಪುರ 5ನೆಯ (1976) ಸಂಪುಟದಲ್ಲಿವೆ. ಶಾಸನಸಂಖ್ಯೆಗಳೂ ಬದಲಾಗಿರುವುದರಿಂದ ಆವೃತ್ತಿಯನ್ನು ಹೇಳದ ಉಲ್ಲೇಖ ಸಂದಿಗ್ಧವಾಗುತ್ತದೆ.

2. ಕಲ್ಲು
ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲು ಗಂಗದೊರೆ ನೀತಿಮಾರ್ಗನ ಮರಣಕ್ಕೆ ಸಂಬಂಧಿಸಿದ್ದು. ಸಾಯುತ್ತಿರುವ ಅರಸನ ಶಿಲ್ಪವೂ ಅದರಲ್ಲಿದೆ. ಕಾಲದ ಬಗ್ಗೆ ವಿದ್ವಾಂಸರಲ್ಲಿ 840 ಮತ್ತು 869 ಎಂಬ ಎರಡು ಅಭಿಪ್ರಾಯಗಳಿವೆ. ಈ ಕಲ್ಲಿನ ಚರ್ಚೆಯಲ್ಲಿ ಬರುವ ‘ಕೀೞ್ಗುಂಟೆ’ (ಒಡೆಯನೊಡನೆ ಸೇವಕನು ಪ್ರಾಣಬಿಡುವ ಪದ್ಧತಿ) ಪದವನ್ನು ಈಚಿನ ಬರಹಗಳು ಸಾಮಾನ್ಯವಾಗಿ ‘ಕೀಳ್ಗುಂಟೆ’ ಎಂದು ಅಚ್ಚಿಸುತ್ತವೆ. ‘ಕೀೞ್’ ಎಂದರೆ ಕೆಳಗೆ.

3. ಅಕ್ಷರದ ಬೆಲೆ
ಹಳಗನ್ನಡದಲ್ಲಿ ‘ಅೞಿ’ (ನಾಶಮಾಡು) ಬೇರೆ, ‘ಅಳಿ’ (ದುಂಬಿ) ಬೇರೆ. ‘ಅಱಿ’ (ತಿಳಿ) ಬೇರೆ, ‘ಅರಿ’ (ಕತ್ತರಿಸು) ಬೇರೆ. 12–13ನೆಯ ಶತಮಾನದ ವೇಳೆಗೆ ೞ ಬಹುಮಟ್ಟಿಗೆ ಬಳಕೆಯಿಂದ ಸರಿದಿತ್ತು. ಸುಮಾರು 1260ರ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ೞಕಾರದ ಪದಗಳನ್ನು ಪಟ್ಟಿಮಾಡಿರುವುದು ೞ, ಳಗಳ ನಡುವಿನ ಗೊಂದಲದ ಸೂಚನೆಯಿರಬಹುದು. ಆದ್ದರಿಂದ ಕಾಲನಿರ್ಣಯಕ್ಕೆ ೞ ಒಂದು ಪೂರಕ ಸಾಕ್ಷ್ಯ. ಆದರೆ 840–869ರ ನಡುವಿನ 29 ವರ್ಷಗಳ ಅಂತರವನ್ನು ಅದೊಂದೇ ತೀರ್ಮಾನಿಸಲಾರದು.

4. ಯೂನಿಕೋಡ್ ಮತ್ತು ಫಾಂಟು
ಯೂನಿಕೋಡ್‌ನಲ್ಲಿ ಱ ದಶಮಾನ ಸಂಖ್ಯೆ 3249ರಲ್ಲಿಯೂ ೞ 3294ರಲ್ಲಿಯೂ ಇವೆ. ೞಕಾರಕ್ಕೆ ಮೊದಲು ಕೊಟ್ಟ ಇಂಗ್ಲಿಷ್ ಹೆಸರು ತಪ್ಪಾಗಿ ‘ಫ’ ಎಂದಾಯಿತು. ಹೆಸರುಗಳನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದು, ತಿದ್ದುಪಡಿಯ ಹೆಸರನ್ನು ಪ್ರತ್ಯೇಕವಾಗಿ ಸೇರಿಸಲಾಗಿದೆ. ಸ್ವರವಿಲ್ಲದ ನಕಾರದ ಹಳೆಯ ರೂಪ ‘ನಕಾರ ಪೊಲ್ಲು’ 3293ನೆಯ ಸ್ಥಾನಕ್ಕೆ ಸೇರಿದ್ದು 2021ರ 14ನೆಯ ಆವೃತ್ತಿಯಲ್ಲಿ.

ಯೂನಿಕೋಡ್ ಗುರುತಿಸುವುದು ಅಕ್ಷರವನ್ನು; ಆಕಾರವನ್ನು ಕೊಡುವುದು ಫಾಂಟು. ಫಾಂಟಿನಲ್ಲಿ ೞ ಇದ್ದರೂ ‘ೞಿ’ಯ ಗುಡಿಸು, ‘ೞ್ಗ’ದ ಒತ್ತು ಸರಿಯಾಗಿ ಕೂಡದಿದ್ದರೆ ಪಾಠ ಕೆಡುತ್ತದೆ. ೞ ಇಲ್ಲದಿದ್ದರೆ ಚೌಕ ಕಾಣಬಹುದು. ಬೆರಳಚ್ಚಿಸುವವರು ಅಲ್ಲಿ ಳಕಾರವನ್ನೇ ಹಾಕಿಬಿಡುವ ಸಾಧ್ಯತೆಯೂ ಇದೆ.

5. ತಾತ್ಕಾಲಿಕ ನಿಲುವು
(ಅ) ಕಲ್ಲಿನ ಪಡಿಯಚ್ಚು, ಸಂಪಾದಿತ ಪಾಠ, ಯೂನಿಕೋಡ್ ಪಾಠ ಈ ಮೂರನ್ನೂ ಬೇರೆಬೇರೆ ಸಾಕ್ಷ್ಯವಾಗಿ ಪರಿಗಣಿಸುವುದು ಲೇಸು.
(ಆ) ಶಾಸನಪಾಠಕ್ಕೆ ಬಳಸುವ ಫಾಂಟಿನಲ್ಲಿ ಕನಿಷ್ಠ ೞ, ಱಗಳ ಪೂರ್ಣ ಗುಣಿತ ಮತ್ತು ಒತ್ತಕ್ಷರಗಳನ್ನು ಪರೀಕ್ಷಿಸಬೇಕು.
(ಇ) ತಿ. ನರಸೀಪುರ ತಾಲ್ಲೂಕಿನ ತಲಕಾಡಿನಲ್ಲಿ ಗ್ರಂಥ, ತಮಿಳು ಲಿಪಿಗಳ ಶಾಸನಗಳೂ ಇವೆ. ಮೇಲಿನ ಮಾತುಗಳು ಕನ್ನಡ ಲಿಪಿಯ ಪಾಠಗಳಿಗೆ ಮಾತ್ರ ಅನ್ವಯಿಸುತ್ತವೆ.